ಗುಳೆ ಹೊರಟ ಗಂಟಿನಲ್ಲಿ ಕೂಸಿನ ಕಾರ್ಡೂ ಇರಲಿ
(ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳು)



ನಾನು ಪಂಡಿತಳಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕಿನ ಹಳ್ಳಿಗಳಲ್ಲಿ ನರ್ಸ್ ಆಗಿ ದುಡಿದವಳು. ಕೂಸುಗಳಿಗೆ ಲಸಿಕೆ ಹಾಕುವುದು ನನ್ನ ಕಾಯಕವಾಗಿತ್ತು. ಆ ಕಾಯಕದಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಸುತ್ತೇನೆ.

ಸುಗ್ಗಿ ಮುಗಿದರೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಹಾಗೆ ಹೊರಟಿದ್ದ ತಾಯಿಯೊಬ್ಬಳು ಒಂದೂವರೆ ತಿಂಗಳ ಕೂಸನ್ನೆತ್ತಿಕೊಂಡು ಬಂದು, "ಅಕ್ಕಾರ, ನಾಳೆ ಬಸ್ ಹತ್ತತೇವಿ. ಸೂಜಿ ಮಾಡಿಸಿದ್ರ ಜ್ವರ ಬರತಾವ. ತಿರುಗಿ ಬಂದ ಮ್ಯಾಲ ಮಾಡಸಲೇನ್ರಿ?" ಎಂದಳು. ನಾನು "ಆಗಲಿ ತಂಗಿ" ಎಂದುಬಿಟ್ಟೆ.

ಎರಡು ತಿಂಗಳಿಗೆ ತಿರುಗಿ ಬಂದಾಗ ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟುತ್ತಿತ್ತು. ಕುಡಿದ ಹಾಲೆಲ್ಲ ವಾಂತಿ. ಓಣಿಯಲ್ಲಿ ಮಾರುವ ಕತ್ತೆ ಹಾಲನ್ನೂ ಕುಡಿಸಿ ನೋಡಿದ್ದರು. ಅದು ನಾಯಿಕೆಮ್ಮು. ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಇದ್ದು ಕೂಸು ಉಳಿಯಿತು. ಆ ತಾಯಿ ನನ್ನನ್ನು ಬೈಯಲಿಲ್ಲ. ಅದೇ ಇಂದಿಗೂ ನನ್ನನ್ನು ಚುಚ್ಚುತ್ತದೆ.

ನಾಯಿಕೆಮ್ಮು ಶಾಪವಲ್ಲ, ದೃಷ್ಟಿಯೂ ಅಲ್ಲ. ಅದರ ರೋಗಾಣುವನ್ನು ವಿಜ್ಞಾನಿಗಳು 1906ರಲ್ಲೇ ಬೇರ್ಪಡಿಸಿ ತೋರಿಸಿದ್ದಾರೆ. ಕೆಮ್ಮಿದ ಗಾಳಿಯಿಂದ ಅದು ಹರಡುತ್ತದೆ. ಮೊದಲು ಬರೀ ನೆಗಡಿಯಂತೆ ಕಾಣುತ್ತದೆ. ವಾರ ಎರಡು ವಾರ ಕಳೆದ ಮೇಲೆ ಉಸಿರು ಕಟ್ಟಿಸುವ ಕೆಮ್ಮು. ಎಳೆಗೂಸು ಕೆಲವೊಮ್ಮೆ ಕೆಮ್ಮುವುದೇ ಇಲ್ಲ, ಉಸಿರನ್ನೇ ನಿಲ್ಲಿಸುತ್ತದೆ. ಹಾಗಾದರೆ ಮನೆಮದ್ದು ಮಾಡುತ್ತ ಕೂಡಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

ಲಸಿಕೆಯ ಲೆಕ್ಕ ಸರಳ. 6, 10, 14ನೇ ವಾರಕ್ಕೆ ಪೆಂಟಾವೇಲೆಂಟ್. 16ರಿಂದ 24 ತಿಂಗಳೊಳಗೆ ಒಂದು ಡಿಪಿಟಿ, 5-6ನೇ ವರ್ಷಕ್ಕೆ ಇನ್ನೊಂದು. ಊರು ಬಿಡುವ ಮುನ್ನ ಬಾಕಿ ಇರುವ ಸೂಜಿ ಮಾಡಿಸಿಕೊಳ್ಳಿ. ಸೂಜಿಯ ಜ್ವರ ಒಂದೆರಡು ದಿನದ್ದು, ನಾಯಿಕೆಮ್ಮು ತಿಂಗಳುಗಟ್ಟಲೆಯದು. ಮುಂದಿನ ಸೂಜಿಯನ್ನು ದುಡಿಯುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿ. ದೇಶದ ಯಾವ ರಾಜ್ಯದಲ್ಲಾದರೂ ಅದು ಪುಕ್ಕಟೆ. ಅದಕ್ಕೇ ತಾಯಿ ಕಾರ್ಡ್ ಗಂಟಿನಲ್ಲಿರಲಿ, ಅದರ ಫೋಟೊ ಮೊಬೈಲಿನಲ್ಲಿರಲಿ. ನಡುವೆ ಒಂದು ಸೂಜಿ ತಪ್ಪಿದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಿದರಾಯಿತು.

ದೊಡ್ಡವರಿಗೂ ಒಂದು ಮಾತು. ನಮ್ಮ ಸಾದಾ ಕೆಮ್ಮು ಎಳೆಗೂಸಿಗೆ ಪ್ರಾಣಕಂಟಕವಾಗಬಹುದು. ಕೆಮ್ಮುವವರು ತೊಟ್ಟಿಲ ಹತ್ತಿರ ಹೋಗಬೇಡಿ, ಮುದ್ದಿಡಬೇಡಿ.

ಹುಟ್ಟಿದ ಕೂಸಿಗೆ ಲಿಂಗ ಕಟ್ಟಿಸಲು ನಾವು ತಡಮಾಡುವುದಿಲ್ಲ. ಲಸಿಕೆಗೂ ಅದೇ ನಿಷ್ಠೆ ಇರಲಿ. ಪೂಜ್ಯರಲ್ಲಿ ನನ್ನದೊಂದು ಬಿನ್ನಹ: ಊರು ಬಿಡುವ ಮುನ್ನ ಆಶೀರ್ವಾದಕ್ಕೆ ಬಂದ ತಾಯಂದಿರನ್ನು "ಕೂಸಿನ ಕಾರ್ಡ್ ತಗೊಂಡೀಯೇನವ್ವಾ?" ಎಂದು ಕೇಳಬೇಕು. ನಾನು ಹೇಳಿದರೆ ಮರೆಯುವವರು, ನೀವು ಕೇಳಿದರೆ ಮರೆಯುವುದಿಲ್ಲ.