ಮಳೆ ಬಂದಿಲ್ಲ, ಮ್ಯಾಟ್ ಒದ್ದೆ!

ಅನಂತಪುರ ಸೀಮೆಯ ಹಿಂದೂಪುರದಿಂದ ಎ.ಸಿ. ಹಾಕಿಕೊಂಡು ಹೊರಟ ಕಾರು ಕಲ್ಯಾಣದುರ್ಗ ತಲುಪಿ ನಿಂತಿದೆ ಅಂದುಕೊಳ್ಳಿ. ಅದರ ಹೊಟ್ಟೆಯ ಕೆಳಗೆ ತೊಟ್ ತೊಟ್ ಎಂದು ನೀರು ಬೀಳುತ್ತಿದೆ. ಮಣ್ಣಿನ ಮೇಲೆ ಅಂಗೈಯಗಲ ಒದ್ದೆ. ಅಲ್ಲೇ ಆಡುತ್ತಿದ್ದ ಹುಡುಗರು "ಕಾರು ಉಚ್ಚೆ ಹೊಯ್ತಾ ಇದೆ!" ಎಂದು ನಗುತ್ತಾರೆ. ನಗಲಿ ಬಿಡಿ. ಬೀಳುತ್ತಿರುವುದು ತಿಳಿನೀರಾದರೆ ಆ ಕಾರಿಗೆ ಯಾವ ಕಾಯಿಲೆಯೂ ಇಲ್ಲ. ಅಷ್ಟೇ ನೀರು ಕೆಳಗೆ ಬೀಳದೆ, ನೀವು ಕಾಲಿಡುವ ಮ್ಯಾಟನ್ನು ನೆನೆಸಿದಾಗ ಮಾತ್ರ ಪತ್ತೇದಾರಿ ಕೆಲಸ ಶುರು.

ಮೊದಲು, ಆ ನೀರು ಬಂದದ್ದೆಲ್ಲಿಂದ? ಗಾಳಿಯಿಂದ. ತಣ್ಣನೆಯ ಮಜ್ಜಿಗೆ ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುತ್ತದಲ್ಲ, ಕಾರಿನ ಡ್ಯಾಶ್‌ಬೋರ್ಡಿನ ಹಿಂದೆಯೂ ಅದೇ ನಡೆಯುತ್ತದೆ. ಅಲ್ಲಿ ತೆಳು ಅಲ್ಯೂಮಿನಿಯಂ ರೆಕ್ಕೆಗಳಿರುವ ಕೂಲಿಂಗ್ ಕಾಯಿಲ್ ಕೂತಿರುತ್ತದೆ. ಎ.ಸಿ. ಓಡುವಾಗ ಅದರ ಮೈ ಸುಮಾರು 5 ಡಿಗ್ರಿಗೆ ಇಳಿಯುತ್ತದೆ. ಬಿಸಿಗಾಳಿ ಅದನ್ನು ಸವರಿಕೊಂಡು ಹೋಗುವಾಗ ತಣ್ಣಗಾಗಿ, ಹೊತ್ತು ತಂದ ನೀರಾವಿಯಲ್ಲಿ ಒಂದಷ್ಟನ್ನು ಹನಿಯಾಗಿ ಅಲ್ಲೇ ಇಳಿಸುತ್ತದೆ. ಹನಿಗಳು ಕೆಳಗಿನ ತಟ್ಟೆಗೆ ಜಾರಿ, ಒಂದು ಸಣ್ಣ ಡ್ರೈನ್ ಪೈಪಿನ ಮೂಲಕ ನೆಲಕ್ಕೆ ಬೀಳುತ್ತವೆ. 1902ರಲ್ಲಿ ಅಮೆರಿಕದ ವಿಲ್ಲಿಸ್ ಕ್ಯಾರಿಯರ್ ತಮ್ಮ ಯಂತ್ರವನ್ನು ರೂಪಿಸಿದ್ದೇ ಒಂದು ಅಚ್ಚುಕೂಟದ ಗಾಳಿಯಿಂದ ನೀರು ತೆಗೆಯಲು. ತೇವದಿಂದ ಅಲ್ಲಿನ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ.

ಹಾಗಾದರೆ ಬಿಸಿಲು ಹೆಚ್ಚಿದಷ್ಟೂ ಎ.ಸಿ. ನೀರು ಹೆಚ್ಚಬೇಕಲ್ಲವೇ? ಇಲ್ಲ. ಲೆಕ್ಕ ಹಾಕೋಣ. ಅನಂತಪುರ ಸೀಮೆಯ ಏಪ್ರಿಲ್ ಮಧ್ಯಾಹ್ನ, 40 ಡಿಗ್ರಿ ಬಿಸಿಲು, ತೇವಾಂಶ ಶೇ. 20 ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಾವಿ ಇರುತ್ತದೆ. ಸೆಪ್ಟೆಂಬರಿನ ಮೋಡದ ದಿನ, 28 ಡಿಗ್ರಿ, ತೇವಾಂಶ ಶೇ. 80 ಆದರೆ ಸುಮಾರು 22 ಗ್ರಾಂ. 5 ಡಿಗ್ರಿಯ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು 7 ಗ್ರಾಂ ಅಷ್ಟೇ. ಮಿಕ್ಕದ್ದು ಹನಿಯಾಗಬೇಕು. ಅಂದರೆ ಏಪ್ರಿಲಿನಲ್ಲಿ 3 ಗ್ರಾಂ, ಸೆಪ್ಟೆಂಬರಿನಲ್ಲಿ 15! ಸುಡುವ ಬಿಸಿಲಿಗಿಂತ ಮೋಡದ ದಿನವೇ ಐದು ಪಟ್ಟು ನೀರು. ಅದಕ್ಕೇ ಬೇಸಿಗೆಯಲ್ಲಿ ಕಾಣದ ತೊಂದರೆ ಮಳೆಗಾಲದಲ್ಲಿ ತಲೆಯೆತ್ತುತ್ತದೆ.

ಪತ್ತೆಗೆ ಗೊಂದಲ ಹುಟ್ಟುವುದೂ ಇಲ್ಲಿಯೇ. ಅನಂತಪುರ ಮಳೆ ಕಡಿಮೆಯ ಸೀಮೆ. ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಮಳೆ ಚೆನ್ನಾಗಿ ಬೀಳುವುದು. ಅದಕ್ಕೂ ಮುಂಚಿನ ಒಣ ತಿಂಗಳುಗಳಲ್ಲಿ ಬಾಗಿಲಿನ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿ ಬಿರಿಯುತ್ತದೆ, ವೈಪರ್ ಕೆಳಗಿನ ಕಿಂಡಿಯಲ್ಲಿ ಬೇವು, ಹುಣಸೆಯ ಎಲೆ ತುಂಬಿಕೊಳ್ಳುತ್ತದೆ. ಮಳೆಯೇ ಇಲ್ಲದಾಗ ಇದು ಯಾರ ಕಣ್ಣಿಗೆ ಬೀಳಬೇಕು? ಅತ್ತ ರಸ್ತೆಯ ಧೂಳು ಎ.ಸಿ.ಯ ಪೈಪಿನಲ್ಲಿ ಕೆಸರಾಗಿ ಕೂತಿರುತ್ತದೆ. ಮೊದಲ ಜೋರು ಮಳೆಗೆ ಎರಡೂ ಒಟ್ಟಿಗೆ ಬಯಲಾಗುತ್ತವೆ. ಮ್ಯಾಟ್ ಒದ್ದೆ. ಮಳೆನೀರೋ, ಎ.ಸಿ. ನೀರೋ?

ದೊಡ್ಡವರನ್ನು ಜೊತೆಗಿಟ್ಟುಕೊಂಡು ಒಂದೊಂದನ್ನೇ ಬೇರೆ ಮಾಡಿ ನೋಡಿ. ಮೊದಲು ಸೀಟಿನ ಕೆಳಗೆ ಯಾರದಾದರೂ ನೀರಿನ ಬಾಟಲಿ ಉರುಳಿದೆಯೇ ನೋಡಿ, ನಗಬೇಡಿ. ಆಮೇಲೆ ಮ್ಯಾಟ್ ಒಣಗಿಸಿ, ಅದರ ಜಾಗದಲ್ಲಿ ಹಳೆಯ ಪತ್ರಿಕೆ ಹಾಸಿ, ಮಳೆಯಿಲ್ಲದ ದಿನ ಅರ್ಧ ಗಂಟೆ ಎ.ಸಿ. ಹಾಕಿಕೊಂಡು ಓಡಾಡಿಸಲು ಹೇಳಿ. ಡ್ರೈವರ್ ಪಕ್ಕದ ಸೀಟಿನ ಮುಂದೆ ಕಾಗದ ನೆನೆದು, ಕಾರಿನ ಕೆಳಗೆ ಒಂದು ಹನಿಯೂ ಬೀಳದಿದ್ದರೆ ಅನುಮಾನ ಡ್ರೈನ್ ಪೈಪಿನ ಮೇಲೆ. ಕಾರು ತಿರುಗುವಾಗ ಡ್ಯಾಶ್‌ಬೋರ್ಡಿನೊಳಗೆ ಗುಳುಗುಳು ಸದ್ದು ಬಂದರಂತೂ ಅದು ಬಹುಮಟ್ಟಿಗೆ ಖಾತ್ರಿ.

ಕಾಗದ ಒಣಗಿಯೇ ಇದ್ದರೆ ಎರಡನೇ ಪರೀಕ್ಷೆ. ಎ.ಸಿ. ಬಂದ್ ಮಾಡಿ, ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ: ಬಾಗಿಲು, ವೈಪರ್ ಕಿಂಡಿ, ಮುಂದಿನ ಗಾಜಿನ ಅಂಚು, ಸನ್‌ರೂಫ್ ಇದ್ದರೆ ಅದು. ಮೊದಲೇ ಮೇಲಿನಿಂದ ಸುರಿದರೆ ನೀರು ಎಲ್ಲ ಸಂದಿಗಳ ಮೇಲೂ ಇಳಿದು, ಕಳ್ಳ ಯಾರೆಂದು ತಿಳಿಯುವುದೇ ಇಲ್ಲ. ಹಿಂದೂಪುರಕ್ಕೆ ಹತ್ತಿರದ ಪೆನುಕೊಂಡದ ಬಳಿ, ಎರ್ರಮಂಚಿಯಲ್ಲಿ 2019ರಿಂದ ಕಿಯಾ ಕಾರುಗಳು ತಯಾರಾಗುತ್ತಿವೆ. ಅಂಥ ಕಾರ್ಖಾನೆಗಳಲ್ಲಿ ಹೊಸ ಕಾರಿಗೂ ಇಂಥದ್ದೇ ಪರೀಕ್ಷೆ ಉಂಟು. ಹೊರಗೆ ಬರಗಾಲವಿದ್ದರೂ ಒಳಗೆ ಕಾರಿನ ಮೇಲೆ ಕೃತಕ ಮಳೆ!

ಇನ್ನೊಂದು ನೀರಿದೆ, ಅದು ಮಾತ್ರ ಆಟವಲ್ಲ. ಹಸಿರೋ ಗುಲಾಬಿಯೋ ಬಣ್ಣವಿದ್ದು, ಅಂಟಂಟಾಗಿ, ಸಿಹಿ ವಾಸನೆ ಬಂದರೆ ಅದು ಎಂಜಿನ್ ತಂಪಾಗಿಡುವ ಕೂಲಂಟ್. ಅದು ವಿಷ. ಮುಟ್ಟಬೇಡಿ, ನಾಯಿ ನೆಕ್ಕಲು ಬಿಡಬೇಡಿ, ಕೂಡಲೇ ಮನೆಯವರಿಗೆ ಹೇಳಿ.

ಪೈಪ್ ಕಟ್ಟಿದ್ದಾದರೆ ಮೆಕ್ಯಾನಿಕ್ಕಿಗೆ ಅದು ಸಣ್ಣ ಕೆಲಸ. ಜೋಪಾನವಾಗಿ ಕೆಸರು ಬಿಡಿಸಿದರೆ ತಟ್ಟೆಯಲ್ಲಿ ನಿಂತಿದ್ದ ನೀರು ಭಸಕ್ಕನೆ ಹೊರಬೀಳುತ್ತದೆ. ಆದರೂ ಮಾರನೆಯ ಬೆಳಿಗ್ಗೆ ಗಾಜುಗಳ ಒಳಮೈಯಲ್ಲಿ ಮಬ್ಬು ಕಟ್ಟಿದ್ದರೆ 'ಮತ್ತೆ ಸೋರಿತು' ಎಂದು ಗಾಬರಿಯಾಗಬೇಡಿ. ಕಾರ್ಪೆಟ್ಟಿನ ಕೆಳಗಿನ ಸ್ಪಂಜು ಹಳೆಯ ನೀರನ್ನು ಇನ್ನೂ ಹಿಡಿದುಕೊಂಡಿರುತ್ತದೆ. ಹಗಲು ಮುಚ್ಚಿದ ಕಾರಿನೊಳಗೆ ಅದು ಆವಿಯಾಗುತ್ತದೆ, ರಾತ್ರಿ ತಣ್ಣಗಾದ ಗಾಜಿನ ಮೇಲೆ ಹನಿಗಟ್ಟುತ್ತದೆ. ಕಾರ್ಪೆಟ್ ಎತ್ತಿ, ಬಾಗಿಲು ತೆರೆದು ಒಂದೆರಡು ದಿನ ಬಿಸಿಲಿಗೆ ಬಿಡಿ. ಬಿಸಿಲಿಗೇನು, ಆ ಸೀಮೆಯಲ್ಲಿ ಬರವಿಲ್ಲ.