ಕೊನೆ ಗೊತ್ತಾದ ಮೇಲೂ ನೋಡಬೇಕೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಮಾತಿನ ಬರಹರೂಪ)



ಸಮಿತಿಯವರು ಫೋನ್ ಮಾಡಿ, "ಶಾಲೆಯ ಬಗ್ಗೆ ಎಲ್ಲರೂ ಮಾತಾಡ್ತಾರೆ, ನೀವು ಸಿನಿಮಾ ಬಗ್ಗೆ ಹೇಳಿ" ಎಂದರು. ನಾನು ಪಕ್ಕದ ತಾಲ್ಲೂಕಿನಲ್ಲಿ ಗಣಿತದ ಮೇಷ್ಟ್ರು. ಆದರೆ ಈ ಊರಿನವರಿಗೆ ನಾನು ಇವತ್ತಿಗೂ ಸಿನಿಮಾ ಕಥೆ ಹೇಳುವ ಹುಡುಗನೇ ಎಂದು ಆಗ ಗೊತ್ತಾಯಿತು. ಆ ಹೆಸರು ನನಗೆ ಬಂದದ್ದು ಹೇಗೆ ಎಂಬುದರಲ್ಲಿ ಒಂದು ತಪ್ಪಿನ ಕಥೆಯೂ ಇದೆ. ಅದನ್ನೇ ಹಿಡಿದುಕೊಂಡು ಒಂದು ಪ್ರಶ್ನೆ ಕೇಳುತ್ತೇನೆ. ಕೊನೆಯಲ್ಲಿ ಎಲ್ಲವನ್ನೂ ತಲೆಕೆಳಗು ಮಾಡುವ ಸಿನಿಮಾಗಳಿವೆಯಲ್ಲ, ಕೊಲೆ ಮಾಡಿದವನು ಇವನಾ, ದೆವ್ವ ಅಂದುಕೊಂಡದ್ದು ಇದಾ ಎಂದು ನಾವು ಬಾಯಿ ಬಿಟ್ಟುಕೊಂಡು ಕೂರುತ್ತೇವಲ್ಲ, ಅಂಥವನ್ನು ಎರಡನೇ ಸಲ ನೋಡುವುದರಲ್ಲಿ ಅರ್ಥ ಇದೆಯೆ?

1989ರಲ್ಲಿ ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' ಬಂತು. ಶಂಕರ್‌ನಾಗ್, ದೇವರಾಜ್, ವನಿತಾ ವಾಸು. ನಾನು ಆಗ ಹತ್ತನೇ ತರಗತಿ. ತಿಪಟೂರಿನಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದಾಗ ನೋಡಿಕೊಂಡು ಬಂದೆ. ಸೋಮವಾರ ಪ್ರಾರ್ಥನೆಗೆ ಮುಂಚೆ ಹುಣಸೆಮರದ ಕೆಳಗೆ ಹುಡುಗರನ್ನೆಲ್ಲ ಸೇರಿಸಿಕೊಂಡು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕೊನೆ ಹೇಳುವಾಗ ದನಿ ತಗ್ಗಿಸಿ, ಒಬ್ಬೊಬ್ಬರ ಮುಖ ನೋಡಿ ಹೇಳಿದೆ. ಎಲ್ಲರೂ "ಹೋ!" ಎಂದರು. ನನ್ನ ಬೆಂಚಿನ ಗೆಳೆಯ ಒಬ್ಬ ಮಾತ್ರ ಸುಮ್ಮನಿದ್ದ.

ಅವನು ಹುಣಸೆಹಣ್ಣು ಕುಟ್ಟಿ, ತೆಂಗಿನಕಾಯಿ ಸುಲಿಯುವ ಕಡೆ ಹೋಗಿ, ಆ ಸಿನಿಮಾಕ್ಕೆಂದೇ ದುಡ್ಡು ಕೂಡಿಟ್ಟಿದ್ದನಂತೆ. ಮುಂದಿನ ಭಾನುವಾರ ಹೋಗುವವನಿದ್ದ. ಹೋಗಲಿಲ್ಲ. ಪರೀಕ್ಷೆ ಮುಗಿಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಅವನು ಓದು ಬಿಟ್ಟು ಕೆಲಸಕ್ಕೆ ಹೋದ. ನಾನು ಕಾಲೇಜಿಗೆ ಹೋದೆ.

ಈ ಮಾತನ್ನು ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗೆ ಬರುತ್ತೇನೆ.

ನಮ್ಮೂರಿನಲ್ಲಿ ಕುರುಕ್ಷೇತ್ರ ನಾಟಕ ಎಷ್ಟು ಸಲ ಆಗಿದೆ, ಲೆಕ್ಕ ಇಟ್ಟವರಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ಜಾವದವರೆಗೆ. ದುರ್ಯೋಧನ ಸೋಲುತ್ತಾನೆ ಎಂದು ಗೊತ್ತಿಲ್ಲದ ಮಗು ಕೂಡ ಅಲ್ಲಿರುವುದಿಲ್ಲ. ಆದರೂ ಕಂಬಳಿ ಹೊದ್ದು ಕೂರುತ್ತೇವೆ. ಕೃಷ್ಣ ಸಂಧಾನಕ್ಕೆ ಬಂದಾಗ, ಈ ಸಲವಾದರೂ ಒಪ್ಪಿಕೊಳ್ಳಬಾರದೇ ಎಂದು ಒಳಗೇ ಅನ್ನಿಸುತ್ತದೆ. ಹಾಗಾದರೆ ಕೊನೆ ಗೊತ್ತಿರುವುದು ನೋಡುವುದಕ್ಕೆ ಅಡ್ಡಿಯಲ್ಲ. ನಮ್ಮ ಹಿರಿಯರಿಗೆ ಅದು ಗೊತ್ತಿತ್ತು.

ಆದರೆ ಕೊನೆಯನ್ನು ಮುಚ್ಚಿಟ್ಟೇ ಕಥೆ ಹೇಳುವ ಸಿನಿಮಾದ ವಿಷಯ ಬೇರೆ. 1960ರಲ್ಲಿ ಹಿಚ್‌ಕಾಕ್ 'ಸೈಕೋ' ತೆಗೆದಾಗ, ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಎಂದು ಥಿಯೇಟರಿನವರಿಗೆ ಕಟ್ಟುನಿಟ್ಟು ಮಾಡಿದರು. ಕೊನೆಯನ್ನು ಯಾರಿಗೂ ಹೇಳಬೇಡಿ ಎಂದು ಪ್ರೇಕ್ಷಕರನ್ನೂ ಕೇಳಿಕೊಂಡರು. ನಮ್ಮ ಟೆಂಟಿನಲ್ಲಿ ಇಂಟರ್‌ವಲ್ಲಿಗೆ ಬಂದು, ಉಳಿದರ್ಧ ನೋಡಿ ಹೋಗುತ್ತಿದ್ದ ನಮ್ಮಂಥವರನ್ನು ಕಂಡಿದ್ದರೆ ಅವರು ಏನು ಮಾಡುತ್ತಿದ್ದರೋ!

ನಾನು ಗಣಿತದವನು, ಹಾಗಾಗಿ ಲೆಕ್ಕದ ಮಾತಿನಲ್ಲೇ ಹೇಳುತ್ತೇನೆ. ಪುಸ್ತಕದ ಹಿಂದೆ ಉತ್ತರ ಇರುತ್ತದೆ. ಮಕ್ಕಳು ಅದನ್ನು ನೋಡಿ ಬರೆದು ತರುತ್ತಾರೆ. ನಾನು ಉತ್ತರಕ್ಕೆ ಒಂದು ಅಂಕವನ್ನಷ್ಟೇ ಕೊಡುತ್ತೇನೆ, ಉಳಿದದ್ದೆಲ್ಲ ಹಂತಗಳಿಗೆ. ಹಂತ ಸರಿ ಇಲ್ಲದೆ ಉತ್ತರ ಮಾತ್ರ ಸರಿ ಬಂದಿದ್ದರೆ ಎಲ್ಲೋ ಕಳ್ಳತನ ಆಗಿದೆ ಎಂದೇ ಅರ್ಥ. ಸಿನಿಮಾವೂ ಹಾಗೇ. ಮೊದಲ ಸಲ ನೋಡುವಾಗ ಅದು ನಮ್ಮನ್ನು ಪರೀಕ್ಷೆ ಮಾಡುತ್ತದೆ. ಎರಡನೇ ಸಲ ನಾವು ಅದನ್ನು ಪರೀಕ್ಷೆ ಮಾಡುತ್ತೇವೆ. ಎರಡು ಗಂಟೆ ಏನನ್ನೂ ತೋರಿಸದೆ, ಕೊನೆಯ ಹತ್ತು ನಿಮಿಷದಲ್ಲಿ "ಅವನಿಗೊಬ್ಬ ಅವಳಿ ತಮ್ಮ ಇದ್ದ" ಎಂದರೆ, ಅಂಥದ್ದನ್ನು ಮತ್ತೆ ನೋಡಲು ಕೂತರೆ ಬರೀ ಹೊಟ್ಟೆ ಉರಿಯುತ್ತದೆ.

ಹಂತ ಸರಿ ಇರುವುದಕ್ಕೆ ಒಂದು ಉದಾಹರಣೆ. ನಮ್ಮ ಪಕ್ಕದ ಕೇರಳದ ನಡುವೆ ಇರುವ, ಪುದುಚೇರಿಗೆ ಸೇರಿದ ಮಾಹೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಮನೋಜ್ ನೈಟ್ ಶ್ಯಾಮಲನ್ ಅವರ 'ದ ಸಿಕ್ಸ್ತ್ ಸೆನ್ಸ್', 1999ರದು. ಅದರಲ್ಲಿ ಒಂದು ದೃಶ್ಯ. ಮದುವೆಯ ವಾರ್ಷಿಕೋತ್ಸವದ ದಿನ ಹೋಟೆಲಿನಲ್ಲಿ ಹೆಂಡತಿ ಒಬ್ಬಳೇ ಕೂತಿದ್ದಾಳೆ. ಗಂಡ ತಡವಾಗಿ ಬಂದು ಎದುರು ಕೂತು ಕ್ಷಮೆ ಕೇಳುತ್ತಾನೆ, ತನ್ನ ಕೆಲಸದ ಕಥೆ ಹೇಳುತ್ತಾನೆ. ಅವಳು ಅವನತ್ತ ನೋಡುವುದೂ ಇಲ್ಲ. ಬಿಲ್ಲನ್ನು ತಾನೇ ತೆಗೆದುಕೊಂಡು ಎದ್ದು ಹೋಗುತ್ತಾಳೆ. ಮೊದಲ ಸಲ ನಾವು, "ಪಾಪ, ಸಿಟ್ಟು ಬಂದಿದೆ, ತಡ ಮಾಡಿದರೆ ಬರದೆ ಇರುತ್ತದೆಯೆ" ಅಂದುಕೊಳ್ಳುತ್ತೇವೆ. ಎರಡನೇ ಸಲ ನೋಡಿದರೆ ಅದೇ ಕುರ್ಚಿ, ಅದೇ ಮೌನ. ಒಂದು ಚೌಕಟ್ಟೂ ಬದಲಾಗಿಲ್ಲ. ಆದರೆ ಅದು ಸಿಟ್ಟಲ್ಲ ಎಂದು ಈಗ ನಮಗೆ ಗೊತ್ತು. ಏನು ಎಂದು ಹೇಳುವುದಿಲ್ಲ. ನೋಡದೇ ಇರುವವರು ಇಲ್ಲಿದ್ದೀರಿ, ನಾನು ಒಂದು ಸಲ ಪಾಠ ಕಲಿತಿದ್ದೇನೆ.

ನಮ್ಮ ಕನ್ನಡದಲ್ಲೇ 2013ರಲ್ಲಿ ಪವನ್ ಕುಮಾರ್ ಜನರಿಂದಲೇ ಹಣ ಸೇರಿಸಿ 'ಲೂಸಿಯಾ' ಮಾಡಿದರು. ನೀನಾಸಂ ಸತೀಶ್ ಅದರಲ್ಲಿ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನೂ ಹೌದು, ಸಿನಿಮಾ ಹೀರೋನೂ ಹೌದು. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಯಾವುದು ನಿಜ, ಯಾವುದು ಕನಸು ಎಂದು ನಾವು ಬಣ್ಣ ನೋಡಿಯೇ ತೀರ್ಮಾನ ಮಾಡಿಬಿಡುತ್ತೇವೆ. ಆ ತೀರ್ಮಾನಕ್ಕೆ ನಾವೇ ಹೊಣೆ ಎಂದು ಗೊತ್ತಾಗುವುದು ಎರಡನೇ ಸಲ.

ಈಗ 'ಆಪ್ತಮಿತ್ರ'. ಇದರ ಕೊನೆಯನ್ನು ಧೈರ್ಯವಾಗಿ ಹೇಳಬಹುದು, ಗೊತ್ತಿಲ್ಲದವರು ಈ ಶಾಮಿಯಾನದ ಕೆಳಗೆ ಯಾರೂ ಇಲ್ಲ. 1993ರ ಮಲಯಾಳಂ 'ಮಣಿಚಿತ್ರತಾಳ್' ಚಿತ್ರದ ಕಥೆ, ಕನ್ನಡಕ್ಕೆ 2004ರಲ್ಲಿ ಬಂತು. ನಾನು ಆಗ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಟಾಕೀಸಿನ ಮುಂದೆ ಟಿಕೆಟ್ಟಿಗೆ ನಿಂತಿದ್ದಾಗ ಯಾರೋ ಹೆಗಲ ಮೇಲೆ ಕೈಯಿಟ್ಟರು. ನೋಡಿದರೆ ನನ್ನ ಬೆಂಚಿನ ಗೆಳೆಯ, ಹೆಂಡತಿ ಮಗುವಿನ ಜೊತೆ. ಹದಿನಾಲ್ಕು ವರ್ಷ ಆಗಿತ್ತು. ಅವನಿಗೆ ಅದು ಮೂರನೇ ಸಲವಂತೆ. "ಯಾರು ಅಂತ ಗೊತ್ತಿದ್ದೂ ಮತ್ತೆ ಬಂದ್ಯಲ್ಲೋ?" ಎಂದೆ. ಅವನು ಹೇಳಿದ: "ಮೊದಲ್ನೇ ಸಲ ನಾಗವಲ್ಲೀನ ನೋಡ್ದೆ. ಎರಡನೇ ಸಲ ಗಂಗಾನ ನೋಡ್ದೆ."

ಮೇಷ್ಟ್ರಾಗಿ ಇಷ್ಟು ವರ್ಷ ಆಯಿತು, ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಮೊದಲ ಸಲ ನಮ್ಮ ಕಣ್ಣೆಲ್ಲ ಆ ಬೀಗ ಹಾಕಿದ ಕೋಣೆಯ ಮೇಲೆ. ಪ್ರೇಮಾ ಮಾಡಿದ ಸೌಮ್ಯಳ ಮೇಲೆ ಅನುಮಾನ. ಗಂಗಾ ಅಲ್ಲೇ ಓಡಾಡುತ್ತಿರುತ್ತಾಳೆ, ನಾವು ನೋಡುವುದೇ ಇಲ್ಲ. ಎರಡನೇ ಸಲ ಅವಳೊಬ್ಬಳೇ ಕಾಣುತ್ತಾಳೆ. ನಾಗವಲ್ಲಿಯ ಕಥೆ ಕೇಳುವಾಗ ಅವಳ ಕಣ್ಣು, ಆ ಚಿತ್ರಪಟದ ಮುಂದೆ ಅವಳು ನಿಲ್ಲುವ ರೀತಿ, ಗಂಡ ಜೊತೆಯಲ್ಲೇ ಇದ್ದೂ ಏನೂ ಅರಿಯದೆ ಇರುವುದು. ಹೆದರಿಕೆಯ ಸಿನಿಮಾ ಹೋಗಿ ಒಬ್ಬ ಕಾಯಿಲೆಯ ಹೆಣ್ಣುಮಗಳ ಸಿನಿಮಾ ಆಗುತ್ತದೆ. ಸಾಲದ್ದಕ್ಕೆ, ಚಿತ್ರ ತೆರೆಗೆ ಬರುವ ನಾಲ್ಕು ತಿಂಗಳ ಮುಂಚೆ, ಆ ವರ್ಷ ಏಪ್ರಿಲ್‌ನಲ್ಲಿ, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದರು. ಆ ಮುಖವನ್ನು ನೋಡುವಾಗ ಅದೂ ನೆನಪಾಗುತ್ತಿತ್ತು. 'ತರ್ಕ'ದ ಶಂಕರ್‌ನಾಗ್ ಕೂಡ ಅಷ್ಟೇ. 1990ರ ಸೆಪ್ಟೆಂಬರ್ 30ರ ನಂತರ ಆ ಚಿತ್ರ ನೋಡುವವರಿಗೆ ಅದು ಬೇರೆಯೇ ಚಿತ್ರ.

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಚೆನ್ನಾಗಿ ಮಾಡಿದ ಅಂಥ ಸಿನಿಮಾ ಎರಡು ಸಿನಿಮಾ. ಒಂದೇ ಟಿಕೆಟ್ಟಿನಲ್ಲಿ ಎರಡೂ ಸಿಗುವುದಿಲ್ಲ, ಎರಡು ಸಲ ಹೋಗಬೇಕು. ಇದನ್ನೇ ಅವತ್ತು ಗೆಳೆಯನಿಗೆ ಸಂಭ್ರಮದಿಂದ ಹೇಳಿದೆ. "ನೋಡು, ಕೊನೆ ಗೊತ್ತಿದ್ದರೂ ನೋಡಬಹುದು, ಅಲ್ವ? ನಾನು ಅವತ್ತು 'ತರ್ಕ' ಹೇಳಿದ್ದು ಅಂಥ ತಪ್ಪೇನಲ್ಲ, ಅಲ್ವ?"

ಅವನು ನಗಲಿಲ್ಲ. "ಎರಡನೇ ಸಲ ಯಾವಾಗ ಬೇಕಾದ್ರೂ ಸಿಗುತ್ತೆ ಕಣೋ," ಎಂದ. "ಮೊದಲ್ನೇ ಸಲ ಒಂದೇ ಸಲ ಸಿಗೋದು. ಅದನ್ನ ನೀನು ತಗೊಂಡ್ಬಿಟ್ಟೆ. ನಾನು ಇನ್ನೂ 'ತರ್ಕ' ನೋಡಿಲ್ಲ. ನೀನು ಹೇಳಿದ್ದು ಮರೆತುಹೋಗ್ಲಿ ಅಂತ ಕಾಯ್ತಿದೀನಿ."

ನನಗೆ ಮಾತು ಹೊರಡಲಿಲ್ಲ. ಒಳಗೆ ಹೋಗಿ ಕೂತೆವು. ಆ ಸಲ ನಾನು ಸಿನಿಮಾಕ್ಕಿಂತ ಹೆಚ್ಚಾಗಿ ಅವನ ಹೆಂಡತಿಯನ್ನು ನೋಡಿದೆ, ಅವರಿಗೆ ಅದು ಮೊದಲ ಸಲ. ಸೌಂದರ್ಯ ಮಂಚ ಎತ್ತಿದಾಗ ಅವರು ಮಗುವನ್ನು ಎದೆಗೆ ಅವಚಿಕೊಂಡರು. ಗೆಳೆಯ ಮನೆಯಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ. ಎರಡು ಸಲ ನೋಡಿ ಬಂದಿದ್ದರೂ ಬಾಯಿ ಬಿಟ್ಟಿರಲಿಲ್ಲ. ನಾನು ಹದಿನೈದನೇ ವಯಸ್ಸಿನಲ್ಲಿ ಒಂದು ಸೋಮವಾರ ಬೆಳಗ್ಗೆ ಮಾಡಲಾಗದೆ ಹೋದ ಕೆಲಸ ಅದು.

ಮಕ್ಕಳೆ, ನಮ್ಮ ಕಾಲದಲ್ಲಿ ಹುಣಸೆಮರದ ಕೆಳಗೆ ಹೇಳಿದರೆ ಇಪ್ಪತ್ತು ಜನಕ್ಕೆ ತಲುಪುತ್ತಿತ್ತು. ಈಗ ನಿಮ್ಮ ಕೈಯಲ್ಲಿ ಫೋನಿದೆ. ಸಿನಿಮಾ ಬಿಡುಗಡೆಯಾದ ದಿನವೇ ಕೊನೆಯ ದೃಶ್ಯವನ್ನು ಯಾರೋ ತೆಗೆದು ಹಾಕಿರುತ್ತಾರೆ, ನೀವು ಮುಂದಕ್ಕೆ ಕಳಿಸುತ್ತೀರಿ. ಕಳಿಸುವ ಮುಂಚೆ ಒಂದು ಕ್ಷಣ ಯೋಚನೆ ಮಾಡಿ. ಅದಕ್ಕೆಂದು ದುಡ್ಡು ಕೂಡಿಡುತ್ತಿರುವವನು ನಿಮ್ಮ ಬೆಂಚಿನಲ್ಲೇ ಇರಬಹುದು. ನೀವು ಚೆನ್ನಾಗಿ ನೋಡಬೇಕೆಂದರೆ ಎರಡು ಸಲ ನೋಡಿ, ಇನ್ನೊಬ್ಬರಿಗೆ ಅವರ ಮೊದಲನೇ ಸಲವನ್ನು ಬಿಟ್ಟುಕೊಡಿ.

ಆ ಗೆಳೆಯ ಇವತ್ತು ಇಲ್ಲೇ ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಊಟದ ಪಂಕ್ತಿಯಲ್ಲಿ ಬಡಿಸುವ ಉಸ್ತುವಾರಿ ಅವನದೇ. ಬೆಳಿಗ್ಗೆ ಬಂದ ತಕ್ಷಣ ಕೇಳಿದೆ, "ಮರೆತೆಯೇನೋ?" "ಇನ್ನೂ ಇಲ್ಲ" ಎಂದು ನಕ್ಕ. ಮೂವತ್ತಾರು ವರ್ಷ ತಡವಾಗಿ, ನಮ್ಮ ಗುರುಗಳ ಎದುರಿಗೆ, ನನ್ನದು ತಪ್ಪಾಯಿತು ಎಂದು ಅವನಿಗೆ ಹೇಳುತ್ತಿದ್ದೇನೆ. ಅವನು ಮರೆತ ದಿನ ಫೋನ್ ಮಾಡಲಿ, ನಾವಿಬ್ಬರೂ ಕೂತು ನೋಡೋಣ. ಅವನಿಗೆ ಮೊದಲ ಸಲ, ನನಗೆ ಎರಡನೆಯದು. ನಾನು ಬಾಯಿ ಬಿಡುವುದಿಲ್ಲ.