ಸೊಪ್ಪು ತಿನ್ನುವ ಮೊಸಳೆ ಉಂಟೋ?
(ಕನ್ನಡ ಮಾಧ್ಯಮ ಶಾಲೆಯ ರಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಕುಂಬಳೆ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಬಬಿಯಾ ಮೊಸಳೆ 2022ರ ಅಕ್ಟೋಬರದಲ್ಲಿ ತೀರಿಹೋದದ್ದು ನಿಮಗೆಲ್ಲ ತಿಳಿದ ಸಂಗತಿ. ನೈವೇದ್ಯದ ಅನ್ನ ಉಣ್ಣುತ್ತದೆಂದು ಅದನ್ನು ಸಸ್ಯಾಹಾರಿ ಎಂದೇ ಜನ ಕರೆದರು. ಭಕ್ತರ ನಂಬಿಕೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ನಿಮ್ಮ ಮಗು, "ಸೊಪ್ಪು ತಿನ್ನುವ ಮೊಸಳೆ ನಿಜವಾಗಿ ಉಂಟೋ?" ಎಂದು ಕೇಳಿದರೆ ಏನು ಹೇಳುತ್ತೀರಿ?

ಈಗ ಇಲ್ಲ, ಹಿಂದೆ ಇತ್ತು ಎನ್ನಿ. ಇಂದಿನ ಮೊಸಳೆಯ ಹಲ್ಲು ಮೊಳೆಯಂತೆ ಚೂಪು. ಕಚ್ಚಿ ಹಿಡಿಯಲಿಕ್ಕೆ ಸರಿ, ಅಗಿಯಲಿಕ್ಕಲ್ಲ. ಸುಮಾರು 7 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರದಲ್ಲಿ ಸಿಮೋಸುಕಸ್ ಎಂಬ ಬಂಧುವೊಂದಿತ್ತು. ಉದ್ದ ಮುಕ್ಕಾಲು ಮೀಟರ್, ಮೂತಿ ಮೊಂಡು, ಹಲ್ಲು ನಮ್ಮ ಅಡುಗೆಮನೆಯ ಲವಂಗದ ಆಕಾರ! ಪ್ರಾಣಿ ಗಿಡ ತಿನ್ನುವುದಾದರೆ ಹಲ್ಲಿನ ಮೇಲ್ಮೈಯಲ್ಲಿ ಏರುತಗ್ಗು ಹೆಚ್ಚು. ಅಮೆರಿಕದ ಯೂಟಾದ ಇಬ್ಬರು ವಿಜ್ಞಾನಿಗಳು 16 ಬಗೆಯ ಅಳಿದ ಬಂಧುಗಳ ಹಲ್ಲುಗಳನ್ನು ಹೀಗೆ ಅಳೆದು, ಮೊಸಳೆಯ ವಂಶದಲ್ಲಿ ಸಸ್ಯಾಹಾರ ಕನಿಷ್ಠ 3 ಸಲ ಬೇರೆ ಬೇರೆಯಾಗಿ ಹುಟ್ಟಿತೆಂದು 2019ರಲ್ಲಿ ತಿಳಿಸಿದರು.

ಮೊಸಳೆ ಕೋಟ್ಯಂತರ ವರ್ಷಗಳಿಂದ ಬದಲಾಗದ ಪ್ರಾಣಿ ಎಂದು ನಾವೆಲ್ಲ ಓದಿದ್ದೇವೆ. ಆ ಮಾತನ್ನು ಈಗ ಬಿಡಬೇಕು. ಜುರಾಸಿಕ್ ಕಾಲದ ಕೆಲವು ಬಂಧುಗಳು ಕಡಲಿಗಿಳಿದು, ಕಾಲನ್ನು ಹುಟ್ಟಿನಂತೆ, ಬಾಲವನ್ನು ಮೀನಿನ ಬಾಲದಂತೆ ಮಾಡಿಕೊಂಡವು. ನ್ಯೂ ಮೆಕ್ಸಿಕೋದ ಎಫಿಜಿಯಾ ಎರಡೇ ಕಾಲಲ್ಲಿ ನಡೆಯುತ್ತಿತ್ತು, ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಟಾಂಜಾನಿಯಾದಲ್ಲಿ ಸಿಕ್ಕಿದ್ದು ಬೆಕ್ಕಿನಷ್ಟು ದೊಡ್ಡದು. 2010ರಲ್ಲಿ ಅದಕ್ಕೆ ಪಾಕಸುಕಸ್ ಎಂದು ಹೆಸರಿಟ್ಟರು. ಸ್ವಾಹಿಲಿಯಲ್ಲಿ ಪಾಕ ಅಂದರೆ ಬೆಕ್ಕು. ಅಲ್ಲಿನ ಜನರ ಮಾತು ವಿಜ್ಞಾನದ ಹೆಸರಾಯಿತು, ನೋಡಿ.

ನಮ್ಮ ಹತ್ತಿರದಲ್ಲೂ ಇದೆ. ತೆಲಂಗಾಣದ ಹಿಂದಿನ ಆದಿಲಾಬಾದ್ ಜಿಲ್ಲೆಯ ಮಲೇರಿ ಶಿಲಾಸ್ತರದಲ್ಲಿ, 20 ಕೋಟಿ ವರ್ಷಕ್ಕೂ ಹಳೆಯ ಪ್ಯಾರಾಸುಕಸ್ ಸಿಕ್ಕಿದೆ. ನೋಡಲು ಮೊಸಳೆಯೇ, ಆದರೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಲ್ಲ, ಕಣ್ಣಿನ ಹತ್ತಿರ. ಶಂಕರ್ ಚಟರ್ಜಿಯವರು 1978ರಲ್ಲಿ ಅದನ್ನು ವಿವರಿಸಿದರು. ಹೊಟ್ಟೆಯೊಳಗೆ ಅದು ನುಂಗಿದ ಇನ್ನೊಂದು ಸರೀಸೃಪದ ಎಲುಬುಗಳೂ ಉಳಿದಿದ್ದವು.

ಇದನ್ನೆಲ್ಲ ಕನ್ನಡದಲ್ಲಿ ಹೇಳಲು ನನಗೆ ಯಾವ ಕಷ್ಟವೂ ಆಗಲಿಲ್ಲ, ಕೇಳಲು ನಿಮಗೂ ಆಗಲಿಲ್ಲ. ವಿಜ್ಞಾನಕ್ಕೆ ಕನ್ನಡ ಸಾಲದೆಂದು ಮಗುವನ್ನು ಬೇರೆ ಮಾಧ್ಯಮಕ್ಕೆ ಒಯ್ಯುವವರು ಇಷ್ಟನ್ನು ಗಮನಿಸಬೇಕು. ನಿಜವಾದ ತೊಂದರೆ ಬೇರೆ ಕಡೆ ಇದೆ. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸುವುದು ಗಡಿನಾಡಿಗೆ ಹೊಸತಲ್ಲ. ಮಗು ಕೋರೆಹಲ್ಲು, ದವಡೆಹಲ್ಲು ಎಂದರೆ ಅಧ್ಯಾಪಕರಿಗೆ ಅರ್ಥವಾಗದು. ಎರಡು ಸಲ ಕೇಳಿದ ಮಗು ಮೂರನೆಯ ಸಲ ಕೇಳುವುದಿಲ್ಲ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುತ್ತದೆ. ಸೌಲಭ್ಯವೆಂದರೆ ಕಟ್ಟಡ, ಪುಸ್ತಕ ಮಾತ್ರವೇ? ಪ್ರಶ್ನೆ ಅರ್ಥವಾಗುವ ಅಧ್ಯಾಪಕರು ಅದರಲ್ಲಿ ಮೊದಲನೆಯದು ಎಂದು ನಾನು ತಿಳಿದಿದ್ದೇನೆ.

ರಕ್ಷಕ-ಶಿಕ್ಷಕ ಸಂಘದ ಮುಂದಿನ ಸಭೆಗೆ ಬರುವಾಗ ಮಗುವಿನ ವಿಜ್ಞಾನದ ನೋಟುಪುಸ್ತಕ ತನ್ನಿ. ಉತ್ತರಗಳು ಮಗುವಿನ ಸ್ವಂತ ವಾಕ್ಯಗಳೋ, ಬೋರ್ಡಿನಿಂದ ಇಳಿಸಿಕೊಂಡವೋ ಒಟ್ಟಿಗೆ ಕುಳಿತು ನೋಡೋಣ. ಬರೇ ನಕಲಾದರೆ ಮನವಿಯನ್ನು ಅಲ್ಲೇ ಬರೆದು, ಎಲ್ಲರೂ ಸಹಿ ಹಾಕಿ ಕಳುಹಿಸೋಣ.